ಎಂಬತ್ತು ಭಾಗ ಇದೆ ಎಂಬ ಲೆಕ್ಕ

ಅಮೆರಿಕದ ಲೇಖಕ ಮೈಕಲ್ ಲೂಯಿಸ್ ಅವರ ‘ಗೋಯಿಂಗ್ ಇನ್‌ಫಿನಿಟ್’ ಪ್ರಕಟವಾದದ್ದು 2023ರ ಅಕ್ಟೋಬರ್ 3ರಂದು. ಅದೇ ದಿನ ಆ ಪುಸ್ತಕದ ನಾಯಕ ಸ್ಯಾಮ್ ಬ್ಯಾಂಕ್‌ಮನ್ ಫ್ರೀಡ್‌ನ ವಿಚಾರಣೆ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಶುರುವಾಯಿತು. ಬಿಟ್‌ಕಾಯಿನ್‌ನಂಥ ಕ್ರಿಪ್ಟೊ ನಾಣ್ಯಗಳನ್ನು ಜನ ಕೊಳ್ಳುವ, ಮಾರುವ, ಇರಿಸುವ ಎಫ್‌ಟಿಎಕ್ಸ್ ಎಂಬ ವಿನಿಮಯ ಕೇಂದ್ರವನ್ನು 2019ರಲ್ಲಿ ಕಟ್ಟಿ, ಮೂವತ್ತು ತುಂಬುವ ಮೊದಲೇ ಕುಬೇರನಾದವನು ಈತ. 2022ರ ನವೆಂಬರ್‌ನಲ್ಲಿ ಗ್ರಾಹಕರು ತಮ್ಮ ಹಣ ವಾಪಸು ಕೇಳಿದಾಗ ಸುಮಾರು 800 ಕೋಟಿ ಡಾಲರ್ ಪೆಟ್ಟಿಗೆಯಲ್ಲಿರಲಿಲ್ಲ. ಅದು ಅವನದೇ ಇನ್ನೊಂದು ಕಂಪೆನಿ ಅಲಮೀಡಾ ರಿಸರ್ಚ್‌ನ ಕಡೆ ಹರಿದುಹೋಗಿತ್ತು. 2024ರ ಮಾರ್ಚ್‌ನಲ್ಲಿ ಅವನಿಗೆ 25 ವರ್ಷಗಳ ಸೆರೆಯಾಯಿತು.

ಲೂಯಿಸ್ ಬರವಣಿಗೆಯ ಬಲ ಪಾತ್ರಚಿತ್ರಣದಲ್ಲಿದೆ. ‘ವೋಗ್’ ಪತ್ರಿಕೆಯ ಆಗಿನ ಸಂಪಾದಕಿ ಆನಾ ವಿಂಟರ್ ಅವರೊಡನೆ ಕಂಪ್ಯೂಟರಿನಲ್ಲಿ ಮುಖಾಮುಖಿ ಮಾತಾಡುತ್ತಲೇ ಅದೇ ಪರದೆಯಲ್ಲಿ ವಿಡಿಯೊ ಗೇಮ್ ಆಡುವ ಹುಡುಗ ಒಮ್ಮೆ ಕಣ್ಣಿಗೆ ಬಿದ್ದರೆ ಮರೆಯಾಗುವುದಿಲ್ಲ. ಕತೆ ಬರೆಯುವ ನನಗೆ ಆ ಕೈಚಳಕ ಕಂಡು ಅಸೂಯೆಯೇ ಆಯಿತು. ಆದರೆ ಪಾತ್ರದ ಮೇಲೆ ಮೋಹ ಹುಟ್ಟಿದ ಕತೆಗಾರ ಅದರ ಜೇಬು ತಡಕಿ ನೋಡುವುದಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಸ್ಯಾಮ್‌ನ ಬಳಿ ಓಡಾಡಿದ ಲೂಯಿಸ್ ಕೊನೆಗೂ ಅವನನ್ನು ವಂಚಕನೆಂದು ಕರೆಯಲು ಹಿಂಜರಿಯುತ್ತಾರೆ. ವಿಚಿತ್ರವೆಂದರೆ, ಈ ಹಿಂಜರಿಕೆಗೆ ಎದುರಾಗಿ ನಿಲ್ಲುವ ಬಲವಾದ ಸಾಕ್ಷ್ಯ ಅವರ ಪುಸ್ತಕದಲ್ಲೇ ಇದೆ.

2018ರ ಮಾತು. ಎಫ್‌ಟಿಎಕ್ಸ್ ಇನ್ನೂ ಹುಟ್ಟಿರಲಿಲ್ಲ. ಅಲಮೀಡಾದಲ್ಲಿ ರಿಪಲ್ ಎಂಬ ನಾಣ್ಯದ ದಾಸ್ತಾನಿನಲ್ಲಿ ಸುಮಾರು 40 ಲಕ್ಷ ಡಾಲರಿನಷ್ಟು ಕಾಣೆಯಾಯಿತು. ಕಳ್ಳತನವೋ, ದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡಿದೆಯೋ ಯಾರಿಗೂ ತಿಳಿಯದು. ವ್ಯವಹಾರ ನಿಲ್ಲಿಸೋಣ, ಲೆಕ್ಕ ತಾಳೆ ನೋಡೋಣ, ಹಣ ಹಾಕಿದವರಿಗೆ ತಿಳಿಸೋಣ ಎಂದರು ಜೊತೆಗಾರರು. ಸ್ಯಾಮ್ ಒಪ್ಪಲಿಲ್ಲ. ಅದು ಸಿಗುವ ಸಂಭವ ನೂರಕ್ಕೆ ಎಂಬತ್ತು. ಆದ್ದರಿಂದ ಎಂಬತ್ತು ಭಾಗ ನಮ್ಮ ಬಳಿ ಇದೆಯೆಂದೇ ಬರೆದುಕೊಳ್ಳೋಣ ಎಂಬುದು ಅವನ ವಾದ. ಸಿಗದೇ ಹೋದರೆ ನಮ್ಮ ಲೆಕ್ಕ ಸರಿಯಿತ್ತೆಂದು ಯಾರೂ ಹೇಳುವುದಿಲ್ಲ ಎಂದು ಒಬ್ಬರು ಆಕ್ಷೇಪಿಸಿದರು. ಸಂಸ್ಥೆ ಒಡೆದು ಅರ್ಧದಷ್ಟು ಜನ ಬಿಟ್ಟುಹೋದರು. ಮುಂದೆ ಆ ನಾಣ್ಯಗಳು ಕೊರಿಯಾದ ಒಂದು ವಿನಿಮಯ ಕೇಂದ್ರದಲ್ಲಿ ಪತ್ತೆಯಾದವು.

ಲೂಯಿಸ್ ಇದನ್ನು ಸ್ಯಾಮ್ ಗೆದ್ದ ಘಟನೆಯಂತೆ ಹೇಳಿ ಮುಂದೆ ಸಾಗುತ್ತಾರೆ. ನನ್ನ ಓದಿನಲ್ಲಿ ಇಡೀ ದುರಂತದ ಬೀಜ ಇಲ್ಲಿದೆ. ನಾಣ್ಯ ಸಿಗದಿದ್ದರೆ 40 ಲಕ್ಷ ಹೋಗುತ್ತಿತ್ತು, ಸಿಕ್ಕಿದ್ದಕ್ಕೆ 800 ಕೋಟಿ ಹೋಯಿತು. ಲೆಕ್ಕ ಇಡದವನಿಗೆ ಅದೃಷ್ಟ ಒಲಿದು, ಲೆಕ್ಕ ಕೇಳಿದವರು ಬಾಗಿಲಾಚೆ ನಿಂತರು. ಆ ಮೇಲೆ ಕಟ್ಟಿದ ಎಫ್‌ಟಿಎಕ್ಸ್‌ನಲ್ಲಿ ಹಣಕಾಸಿನ ಮುಖ್ಯಸ್ಥನೇ ಇರಲಿಲ್ಲ. ಯಾರ ಮೇಲೆ ಯಾರು ಎಂಬ ಪಟ್ಟಿಯನ್ನು ಸಿದ್ಧಪಡಿಸಿದವರು ಸಂಸ್ಥೆಯ ಮನೋವೈದ್ಯರು! ಬ್ಯಾಂಕುಗಳು ಆರಂಭದಲ್ಲಿ ಖಾತೆ ಕೊಡದ ಕಾರಣ ಗ್ರಾಹಕರ ಡಾಲರುಗಳು ಅಲಮೀಡಾದ ಖಾತೆಗೇ ಬಂದು ಬೀಳುತ್ತಿದ್ದವು.

ದಿವಾಳಿಯಾದ ಮೇಲೆ ಬಂದ ಜಾನ್ ರೇ ಹಿಂದೆ ಎನ್‌ರಾನ್‌ನ ಅವಶೇಷಗಳನ್ನು ವಿಲೇವಾರಿ ಮಾಡಿದವರು. ಬ್ಯಾಂಕ್ ಖಾತೆಗಳ ಸರಿಯಾದ ಪಟ್ಟಿಯೂ ಇಲ್ಲ, ಖರ್ಚಿಗೆ ಮಂಜೂರಾತಿಯೆಂದರೆ ಚಾಟ್‌ನಲ್ಲಿ ಒಂದು ಇಮೋಜಿ ಎಂದು ಅವರು ನ್ಯಾಯಾಲಯಕ್ಕೆ ಬರೆದುಕೊಟ್ಟರು. ಲೂಯಿಸ್ ಚಿತ್ರಿಸುವ ರೇ, ಹೊಸ ಕಾಲ ಅರ್ಥವಾಗದ ಸಿಡುಕು ಮುದುಕ. ನನ್ನ ಮತ ಆ ಸಿಡುಕಿಗೆ.

ಉರ್ದುವಿನಲ್ಲಿ ಅಮಾನತ್ ಎಂದರೆ ಇನ್ನೊಬ್ಬರು ನಂಬಿ ನಮ್ಮಲ್ಲಿ ಇರಿಸಿದ್ದು. ಅದೇ ಪದ ಕನ್ನಡದ ಕಚೇರಿ ಹೊಕ್ಕು, ನೌಕರನನ್ನು ಕೆಲಸದಿಂದ ಹೊರಗಿರಿಸುವ ಅಮಾನತು ಆಗಿದೆ. ಎಫ್‌ಟಿಎಕ್ಸ್‌ನಲ್ಲಿ ಎರಡೂ ಕೂಡಿಬಂದವು: ಇಟ್ಟ ಹಣ ಅಮಾನತ್, ಕೇಳಿದ ದಿನ ಗ್ರಾಹಕನೇ ಅಮಾನತು.

ಹಣ ಎಲ್ಲಿಗೂ ಹೋಗಿರಲಿಲ್ಲ, ಎಲ್ಲರಿಗೂ ಸಿಕ್ಕಿತಲ್ಲ ಎನ್ನುವವರಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ಒಪ್ಪಿದ ಯೋಜನೆಯಂತೆ ಬಹುಪಾಲು ಗ್ರಾಹಕರಿಗೆ ನೂರಕ್ಕೆ ಸುಮಾರು 118 ಸಿಗಬೇಕಿತ್ತು, ನಿಜ. ಆದರೆ ಬೆಲೆ ಕಟ್ಟಿದ್ದು 2022ರ ನವೆಂಬರ್‌ನ ದರದಲ್ಲಿ. ಆಗ ಒಂದು ಬಿಟ್‌ಕಾಯಿನ್ 17 ಸಾವಿರ ಡಾಲರಿನ ಆಸುಪಾಸಿನಲ್ಲಿತ್ತು. 2024ರ ಡಿಸೆಂಬರ್‌ನಲ್ಲಿ ಒಂದು ಲಕ್ಷ ದಾಟಿತು. ನಾಣ್ಯ ಇಟ್ಟವನಿಗೆ ನಾಣ್ಯ ಮರಳಲಿಲ್ಲ, ಹಳೆಯ ಬೆಲೆ ಮರಳಿತು.

ಕ್ರಿಪ್ಟೊ ಹಿಡಿಯುವ ವ್ಯಾಪಾರಿಗಳು ಬೆಲೆಯ ಏರಿಳಿತಕ್ಕೆ ಅಂಜುತ್ತಾರೆ. ಅದು ಕಣ್ಣಿಗೆ ಕಾಣುವ ಅಪಾಯ. ಕೀಲಿ ಯಾರ ಕೈಯಲ್ಲಿದೆ, ನನ್ನದೂ ಅವರದೂ ಬೇರೆಬೇರೆ ಗಂಟಾಗಿದೆಯೇ, ತಾಳೆ ನೋಡುವವರು ಯಾರು ಎಂಬುದು ಕಾಣದ ಅಪಾಯ. 2024ರ ಜುಲೈನಲ್ಲಿ ನಮ್ಮ ದೇಶದ ವಜೀರ್‌ಎಕ್ಸ್‌ನಿಂದ ಸುಮಾರು 23.5 ಕೋಟಿ ಡಾಲರ್ ಕಳುವಾಯಿತು. ಆ ಖಾತೆ ತೆರೆಯಲು ಹಲವರ ಸಹಿ ಬೇಕಿತ್ತು, ಸಹಿಗಳೂ ಬಿದ್ದಿದ್ದವು. ಕಳುವಾದದ್ದು ಗ್ರಾಹಕರ ಗಂಟು, ಅವರು ತಮ್ಮ ನಾಣ್ಯಗಳಿಗಾಗಿ ಒಂದು ವರ್ಷಕ್ಕೂ ಮಿಕ್ಕಿ ಕಾದರು. ಮರುವರ್ಷ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್ ಸುಮಾರು 4.4 ಕೋಟಿ ಡಾಲರ್ ಕಳೆದುಕೊಂಡಿತು. ಬೆಂಗಳೂರು ಪೊಲೀಸರು ಅದರದೇ ನೌಕರನೊಬ್ಬನನ್ನು ಬಂಧಿಸಿದರು. ಹೋದದ್ದು ಕಂಪೆನಿಯ ಸ್ವಂತ ಖಾತೆಯಿಂದ, ಗ್ರಾಹಕರ ಹಣ ಬೇರೆಯೇ ಇತ್ತು, ನಷ್ಟವನ್ನು ನಾವೇ ಭರಿಸುತ್ತೇವೆ ಎಂದು ಸಂಸ್ಥೆ ತಿಳಿಸಿತು.

ಲೂಯಿಸ್ ಪುಸ್ತಕವನ್ನು ಪೂರ್ತಿ ಓದುವ ಪುರುಸೊತ್ತಿಲ್ಲದವರು ಆ ರಿಪಲ್ ಪ್ರಸಂಗವನ್ನಾದರೂ ಓದಬೇಕು, ಅದೂ ಬಿಟ್ಟುಹೋದವರ ಕಡೆಯಿಂದ. ಅವರ ಕತೆಯನ್ನು ಲೂಯಿಸ್ ಕೆಲವೇ ಪುಟಗಳಲ್ಲಿ ಮುಗಿಸಿಬಿಟ್ಟಿದ್ದಾರೆ.