ಬೆಳ್ವೊಲದ ವೀರಗಲ್ಲುಗಳಲ್ಲಿ ಆಯುಧ ಮತ್ತು ಅಶ್ವಸಜ್ಜು

ಮಧ್ಯಕಾಲೀನ ಕರ್ನಾಟಕದ ಯುದ್ಧಗಳನ್ನು ಕುರಿತು ಶಾಸನಗಳು ಹೇಳುವಷ್ಟನ್ನು ನೆಲ ಹೇಳುವುದಿಲ್ಲ. ಬೆಳ್ವೊಲ ಮುನ್ನೂರರ ಪ್ರಮುಖ ಪಟ್ಟಣವಾಗಿದ್ದ ಅಣ್ಣಿಗೇರಿಯ ಪರಿಸರವೇ ಇದಕ್ಕೆ ನಿದರ್ಶನ. ಚೋಳರು ಈ ನಾಡನ್ನು ಹೊಕ್ಕು ಬಸದಿಗಳನ್ನು ಸುಟ್ಟ ಸಂಗತಿಯನ್ನು ಹನ್ನೊಂದನೆಯ ಶತಮಾನದ ಗಾವರವಾಡ ಶಾಸನ ದಾಖಲಿಸಿದೆ. ಆದರೆ ಅಂತಹ ದಾಳಿಗಳ ಕತ್ತಿ, ಕವಚ, ಕಡಿವಾಣಗಳು ವಸ್ತುರೂಪದಲ್ಲಿ ಉಳಿದು ಬರುವುದು ಅಪರೂಪ. ಕಬ್ಬಿಣ ಬೆಲೆಯುಳ್ಳದ್ದು, ಮುರಿದ ಕತ್ತಿ ಕಮ್ಮಾರನ ಕುಲುಮೆಯಲ್ಲಿ ಕುಳವಾಗಬಲ್ಲದು. ನೆಲಕ್ಕೆ ಬಿದ್ದುದನ್ನು ನೀರು ಹಿಡಿದಿಡುವ ಎರೆಮಣ್ಣು ತುಕ್ಕಾಗಿಸುತ್ತದೆ. ತೊಗಲು, ಮರಗಳಂತೂ ಉಳಿಯುವುದಿಲ್ಲ. ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಸಾವಿರಕ್ಕೂ ಮಿಕ್ಕಿ ಕಬ್ಬಿಣದ ರಾಕೆಟ್ಟುಗಳು ದೊರೆತವು. ಆದರೆ ಅವು ಹದಿನೆಂಟನೆಯ ಶತಮಾನದವು; ಬಾವಿಯೊಂದರಲ್ಲಿ ಒಟ್ಟಾಗಿ ಸೇರಿದ್ದರಿಂದ ಉಳಿದವು.

ಈ ಕೊರತೆಯನ್ನು ತುಂಬಬಲ್ಲವು ವೀರಗಲ್ಲುಗಳು. ಸೆಟ್ಟರ್ ಮತ್ತು ಸೊಂಥೈಮರ್ ಅವರ ಸಂಪಾದನೆಯಲ್ಲಿ 1982ರಲ್ಲಿ ಧಾರವಾಡದಿಂದ ಪ್ರಕಟವಾದ ‘ಮೆಮೋರಿಯಲ್ ಸ್ಟೋನ್ಸ್’ ಗ್ರಂಥವು ಸ್ಮಾರಕಶಿಲೆಗಳ ಹುಟ್ಟು ಮತ್ತು ಮಹತ್ವವನ್ನು ಅಧ್ಯಯನದ ಮುನ್ನೆಲೆಗೆ ತಂದಿತು. ಆದರೂ ಶಾಸನಪಾಠಕ್ಕೆ ದೊರೆಯುವ ಗಮನ ಕೆಳಗಿನ ಹೋರಾಟದ ಪಟ್ಟಿಕೆಗೆ ದೊರೆಯುವುದು ಕಡಿಮೆ. ಅಕ್ಷರವಿಲ್ಲದ ಕಲ್ಲನ್ನು ಮೂಕವೆಂದು ಬಿಟ್ಟುಬಿಡುವುದುಂಟು.

ಆ ಪಟ್ಟಿಕೆಯನ್ನು ಓದುವಾಗ ಎರಡು ತಪ್ಪುಗಳು ಸಂಭವಿಸುತ್ತವೆ. ಕಂಡರಿಸಿದ್ದೆಲ್ಲವೂ ಕಣ್ಣಾರೆ ಕಂಡದ್ದೆಂದು ನಂಬುವುದು ಒಂದು. ಎಲ್ಲವೂ ಶಿಲ್ಪಸಂಪ್ರದಾಯವೆಂದು ತಳ್ಳಿಹಾಕುವುದು ಇನ್ನೊಂದು. ವೀರನ ಹಿರಿದಾದ ಆಕಾರ, ಅಪ್ಸರೆಯರು, ಕೈಲಾಸ ಇವು ಸಂಪ್ರದಾಯದ ಪಾಲು. ಪಲ್ಲಣದ ಪಟ್ಟಿ, ಕಡಿವಾಣದ ಬಳೆ, ಕತ್ತಿಯ ಹಿಡಿ ಇವುಗಳಲ್ಲಿ ಶಿಲ್ಪಿ ಬಳಕೆಯ ವಸ್ತುವಿಗೆ ಹೆಚ್ಚು ಹತ್ತಿರವಿರುತ್ತಾನೆ. ಹೊಯ್ಸಳ ಶಿಲ್ಪಗಳ ಯುದ್ಧತಂತ್ರಜ್ಞಾನವನ್ನು ಕುರಿತು ಜಾನ್ ದೆಲೋಶ್ 1989ರಲ್ಲಿ ಪ್ರಕಟಿಸಿದ ಅಧ್ಯಯನ ಇಂತಹ ವಿವರಗಳಿಂದಲೇ ಇತಿಹಾಸ ಕಟ್ಟಬಹುದೆಂಬುದಕ್ಕೆ ಸಾಕ್ಷಿ.

ಪದಗಳ ಸಾಕ್ಷ್ಯಕ್ಕೂ ಇದೇ ಎಚ್ಚರ ಬೇಕು. ಇಂದು ಬಳಕೆಯಲ್ಲಿರುವ ಜೀನು, ಲಗಾಮು, ರಿಕಾಬು ಪಾರಸಿಯ ಮೂಲಕ ಬಂದವು. ಇಷ್ಟರಿಂದ ಆ ವಸ್ತುಗಳೂ ಪಾರಸಿಯೊಡನೆಯೇ ಬಂದವೆನ್ನುವುದು ಅವಸರದ ತೀರ್ಮಾನ. ಪಲ್ಲಣ, ಅಂಕವಣೆ, ಹಕ್ಕರಿಕೆ ಎಂಬ ಮಾತುಗಳು ಕನ್ನಡದಲ್ಲಿದ್ದವು. ರಿಕಾಬು ಹೊಯ್ಸಳ ಶಿಲ್ಪದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಹೆಸರು ಬದಲಾದ ಕಾಲ ಬೇರೆ, ವಸ್ತು ಬಂದ ಕಾಲ ಬೇರೆ.

ಅಣ್ಣಿಗೇರಿಯಲ್ಲಿ 2010ರಲ್ಲಿ ನೂರಾರು ತಲೆಬುರುಡೆಗಳು ಬೆಳಕಿಗೆ ಬಂದಾಗ ಹತ್ಯಾಕಾಂಡ, ಬರಗಾಲ ಎಂಬ ಊಹೆಗಳು ಹುಟ್ಟಿಕೊಂಡವು. ಎಲುಬಿನ ಕಾಲನಿರ್ಣಯ ಸಾವಿನ ಕಾರಣವನ್ನು ಹೇಳಲಾರದು. ಗಾಯದ ಗುರುತನ್ನು ಆಯುಧದ ಆಕಾರದೊಡನೆ ತಾಳೆನೋಡಬೇಕಾದಾಗ ಆ ಆಕಾರಗಳ ಪಟ್ಟಿಯೇ ಕೈಯಲ್ಲಿರಬೇಕಾಗುತ್ತದೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲ್ಲೂಕುಗಳ ವೀರಗಲ್ಲುಗಳನ್ನು ಆಯುಧ, ಕವಚ, ಅಶ್ವಸಜ್ಜುಗಳ ದೃಷ್ಟಿಯಿಂದ ಅಳೆದು, ಚಿತ್ರಿಸಿ, ಕಾಲಾನುಕ್ರಮದಲ್ಲಿ ಜೋಡಿಸುವ ಕೆಲಸ ಆದ್ದರಿಂದ ಅಗತ್ಯವಾದುದು. ಎಣ್ಣೆ, ಸುಣ್ಣ, ಬಣ್ಣಗಳ ಕೆಳಗೆ ಮೊದಲು ಮಾಸುವುದು ವೀರನ ಮುಖವಲ್ಲ. ಕುದುರೆಯ ಬಾಯೊಳಗಿನ ಆ ಸಣ್ಣ ಬಳೆ.