ಸಾಕವ್ವನ ಮನೆಯ ಶೇಂಗಾ

ಮನುಷ್ಯನಿಗೆ ಸರಕಾರ ಯಾಕೆ ಬೇಕು ಎಂಬ ಪ್ರಶ್ನೆ ಎದ್ದಾಗಲೆಲ್ಲ ತತ್ವಜ್ಞಾನಿಗಳು ಅವನನ್ನು ಕಾಡಿಗೋ ದ್ವೀಪಕ್ಕೋ ಕಳಿಸಿಬಿಡುತ್ತಾರೆ. ಕತೆಗಾರರೂ ಅಷ್ಟೆ. ಹನ್ನೆರಡನೇ ಶತಮಾನದ ಸ್ಪೇನಿನ ಇಬ್ನ್ ತುಫೈಲ್, ಜಿಂಕೆಯ ಹಾಲು ಕುಡಿದು ಒಂಟಿಯಾಗಿ ಬೆಳೆದ ‘ಹಯ್ ಇಬ್ನ್ ಯಕ್ಝಾನ್’ನ ಕತೆ ಬರೆದ. ಅದು 1671ರಲ್ಲಿ ಲ್ಯಾಟಿನ್‌ಗೆ, 1708ರಲ್ಲಿ ಅರಬಿಯಿಂದ ನೇರವಾಗಿ ಇಂಗ್ಲಿಷ್‌ಗೆ ಬಂತು. 1719ರಲ್ಲಿ ಡೇನಿಯಲ್ ಡಿಫೋನ ರಾಬಿನ್ಸನ್ ಕ್ರೂಸೋ ಹಡಗೊಡೆದು ದಡ ಸೇರಿದ. ಇಬ್ಬರ ಬದುಕೂ ಒಂದೇ ತರಹದ್ದು, ನಡತೆ ಮಾತ್ರ ಬೇರೆ. ಕ್ರೂಸೋ ದ್ವೀಪವನ್ನೆಲ್ಲ ತನ್ನ ಆಸ್ತಿಯೆಂದು ಎಣಿಸುತ್ತಾನೆ. ಹಯ್ ತನಗೆ ಬೇಕಾದಷ್ಟೇ ಹಣ್ಣು ತಿಂದು, ಬೀಜ ಹಾಳಾಗದಂತೆ ನೋಡಿಕೊಳ್ಳುತ್ತಾನೆ.

1954ರಲ್ಲಿ ಬಂದ ವಿಲಿಯಂ ಗೋಲ್ಡಿಂಗನ ‘ಲಾರ್ಡ್ ಆಫ್ ದಿ ಫ್ಲೈಸ್’ ಕಾದಂಬರಿಯಲ್ಲಿ ದ್ವೀಪಕ್ಕೆ ಬಿದ್ದ ಹುಡುಗರು ಒಬ್ಬರನ್ನೊಬ್ಬರು ಕೊಲ್ಲುವ ಮಟ್ಟಕ್ಕೆ ಇಳಿಯುತ್ತಾರೆ. ಪೊಲೀಸರಿಲ್ಲದಿದ್ದರೆ ಜನ ಮೃಗಗಳಾಗುತ್ತಾರೆ ಎನ್ನುವವರಿಗೆ ಈ ಪುಸ್ತಕ ಬಲು ಅನುಕೂಲ. ಆದರೆ ಆ ಹುಡುಗರಿಗೆ ಹಣ್ಣಿಗೆ ಬರವಿಲ್ಲ, ಬೇಟೆಗೆ ಹಂದಿಗಳಿವೆ. ಅವರನ್ನು ಕೆಡಿಸಿದ್ದು ಭಯ, ಹಸಿವಲ್ಲ. ಹಸಿದವರ ಬಗ್ಗೆ ತೀರ್ಪು ಕೊಡಲು ಈ ಕಾದಂಬರಿಯನ್ನು ಸಾಕ್ಷಿಗೆ ಕರೆಯುವುದು ನನಗೆ ಒಪ್ಪಿಗೆಯಿಲ್ಲ.

ಈ ಕತೆಗಳಲ್ಲೆಲ್ಲ ಬದುಕುಳಿಯುವ ಹೋರಾಟ ನಡೆಯುವುದು ಪ್ರಭುತ್ವ ಇಲ್ಲದ ಕಡೆ. ನಮ್ಮ ಸೀಮೆಗೆ ಅಂಥ ಜಾಗವೇ ಗೊತ್ತಿಲ್ಲ. ಶಾಸನಗಳಲ್ಲಿ ‘ಕೋಗಳಿ ಐನೂರು’ ಎಂದೇ ಕರೆಸಿಕೊಂಡ ಈ ನಾಡು ಸಾವಿರ ವರ್ಷದಿಂದ ಯಾರಿಗಾದರೂ ತೆರಿಗೆ ಕಟ್ಟುತ್ತಲೇ ಬಂದಿದೆ. 1800ರಿಂದ 1807ರವರೆಗೆ ಇಲ್ಲಿ ಕಲೆಕ್ಟರಾಗಿದ್ದ ಥಾಮಸ್ ಮನ್ರೋ, ಪಾಳೆಯಗಾರರನ್ನು ಬದಿಗೊತ್ತಿ ರೈತನೊಂದಿಗೇ ಸರಕಾರದ ವ್ಯವಹಾರ ಕುದುರಿಸಿದ. ರೈತವಾರಿ ಪಟ್ಟಾ ಎಂದರೆ ಒಪ್ಪಂದವೇ ತಾನೆ! ಕೊಟ್ಟೂರಿನ ಕುಂ. ವೀರಭದ್ರಪ್ಪನವರಿಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ‘ಅರಮನೆ’ ಆ ಕಾಲವನ್ನು ತಮಟೆ ಬಾರಿಸಿಯೇ ನಮ್ಮೆದುರು ನಿಲ್ಲಿಸುತ್ತದೆ. ಮುಂದೆ 1876-78ರ ಬರದಲ್ಲಿ ಬಳ್ಳಾರಿ ಜಿಲ್ಲೆ ನರಳಿದಾಗಲೂ ಪ್ರಭುತ್ವ ಇತ್ತು. 1877ರ ಆರಂಭದಲ್ಲಿ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದು ಆಣೆ ಎಂದು ಲೆಕ್ಕ ಹಾಕಿದ. ಅದು ಸಾಲದೆಂದು ಮದ್ರಾಸಿನ ಸ್ಯಾನಿಟರಿ ಕಮಿಷನರ್ ಕಾರ್ನಿಶ್ ಜಗಳ ತೆಗೆದ. ಮನುಷ್ಯ ಬದುಕಲು ಎಷ್ಟು ಕಾಳು ಬೇಕು ಎಂಬುದು ಇಬ್ಬರು ಅಧಿಕಾರಿಗಳ ವಾದವಾಯಿತು. ಪಟ್ಟಾ ಹಿಡಿದವನನ್ನು ಮಾತ್ರ ಯಾರೂ ಕೇಳಲಿಲ್ಲ.

ಹಾಗಾಗಿ ನಮ್ಮ ಸಾಹಿತ್ಯದಲ್ಲಿ ಬದುಕುಳಿಯುವವರ ಕತೆ ಹುಡುಕುವುದಾದರೆ ದ್ವೀಪ ಬಿಟ್ಟು, ಪ್ರಭುತ್ವದ ಕಣ್ಣಳತೆಯಲ್ಲೇ ಇರುವ ಹಟ್ಟಿಗೆ ಹೋಗಬೇಕು. ದೇವನೂರ ಮಹಾದೇವರ ‘ಒಡಲಾಳ’ ಅಂಥದ್ದು. ಕಳೆದುಹೋದ ಹುಂಜಕ್ಕಾಗಿ ಹಾಡಿ ಬೈಯುವ ಸಾಕವ್ವನ ಮನೆಗೆ ಒಂದು ರಾತ್ರಿ ಸಾಹುಕಾರನ ಶೇಂಗಾ ಮೂಟೆ ಬರುತ್ತದೆ. (ಅವರ ಕಡೆ ಅದು ಕಳ್ಳೇಕಾಯಿ.) ಬಂದ ದಾರಿ ಕಳವಿನದು. ಮನೆಮಂದಿಯೆಲ್ಲ ಸುತ್ತ ಕೂತು ಸಿಪ್ಪೆಯ ಗುರುತೂ ಉಳಿಯದಂತೆ ತಿಂದು ಮುಗಿಸುತ್ತಾರೆ. ಮರುದಿನ ಪೊಲೀಸರು ಜಾಲಾಡಿದರೆ ಸಿಗುವುದು ಪುಟ್ಟಗೌರಿ ಗೋಡೆಯ ಮೇಲೆ ಬರೆದ ನವಿಲು. ಆ ಮನೆಯ ಮಗುವಿಗೆ ಎಲ್ಲರೂ ಕರೆಯುವ ಹೆಸರು ‘ದುಪಟಿ ಕಮೀಷನರ್’. ಸರಕಾರ ಆ ಮನೆಯೊಳಗೆ ಮಗುವಿನ ಹೆಸರಾಗಿ ಬರುತ್ತದೆ, ಜಪ್ತಿಯಾಗಿ ಬರುತ್ತದೆ. ಅನ್ನವಾಗಿ ಬರುವುದಿಲ್ಲ.

ಮಹಾದೇವ ಇಲ್ಲಿ ಯಾರ ಬಾಯಲ್ಲೂ ಹಕ್ಕಿನ ಭಾಷಣ ಮಾಡಿಸುವುದಿಲ್ಲ. ಬೇರೆಯವರ ಕೈಯಲ್ಲಿ ಈ ಪ್ರಸಂಗ ಕಣ್ಣೀರಾಗುತ್ತಿತ್ತು, ಇಲ್ಲವೇ ಘೋಷಣೆಯಾಗುತ್ತಿತ್ತು. ಇಲ್ಲಿ ಅದು ಹಬ್ಬದ ಊಟದಂತಿದೆ. ಪೊಲೀಸರ ಕಣ್ಣಿಗೆ ಬೀಳದ ಆ ರಾತ್ರಿಯಲ್ಲಿ, ಗೋಲ್ಡಿಂಗನ ಹುಡುಗರಂತೆ ಇವರು ಬಡಿದಾಡುವುದಿಲ್ಲ, ಕೂತು ಹಂಚಿ ತಿನ್ನುತ್ತಾರೆ.

ಇದು ಅಪರಾಧವೇ? ಪ್ರಭುತ್ವದ ಕಟ್ಟಾ ವಕೀಲ ಹಾಬ್ಸ್ ಕೂಡ 1651ರ ‘ಲೆವಯಥನ್’ನಲ್ಲಿ, ಘೋರ ಬರದಲ್ಲಿ ಹಣಕ್ಕೂ ದಾನಕ್ಕೂ ಸಿಗದ ಅನ್ನವನ್ನು ಕದ್ದು ಉಂಡವನು ಪೂರ್ತಿ ಕ್ಷಮಾರ್ಹ ಎನ್ನುತ್ತಾನೆ. ಆಸ್ತಿಯ ಹಕ್ಕನ್ನು ಎತ್ತಿಹಿಡಿದ ಲಾಕ್, ಉಳ್ಳವನ ಹೆಚ್ಚುವರಿಯಲ್ಲಿ ಹಸಿದವನಿಗೆ ಹಕ್ಕಿದೆ ಎಂದ. ಇವರಿಗಿಂತ ಸಾವಿರ ವರ್ಷ ಮೊದಲೇ, ಹಿಜರಿ 18ರ ಕ್ಷಾಮದಲ್ಲಿ ಖಲೀಫಾ ಉಮರ್(ರ) ಕಳವಿಗಿದ್ದ ಕೈ ಕಡಿಯುವ ಶಿಕ್ಷೆಯನ್ನು ತಡೆಹಿಡಿದಿದ್ದರು. ಅನ್ನ ಒದಗಿಸಲಾಗದ ಆಡಳಿತಕ್ಕೆ ದಂಡಿಸುವ ಅಧಿಕಾರವೂ ಅಷ್ಟರಮಟ್ಟಿಗೆ ಕುಗ್ಗುತ್ತದೆ ಎಂಬುದು ನಾನು ಅದರಿಂದ ತೆಗೆಯುವ ಅರ್ಥ. ಇವರೆಲ್ಲ ಸಾಕವ್ವನ ಪರ. ಜಪ್ತಿಗೆ ಬಂದ ಪೊಲೀಸಪ್ಪನಿಗೆ ಇದನ್ನು ಯಾರೂ ಹೇಳಿರಲಿಲ್ಲ, ಅಷ್ಟೆ.

2013ರ ಆಹಾರ ಭದ್ರತಾ ಕಾಯ್ದೆಯಿಂದ ಕಾಳು ಕಾನೂನಿನ ಹಕ್ಕಾಯಿತು, ತಲೆಗೆ ತಿಂಗಳಿಗೆ ಐದು ಕೆಜಿ. ಅದು ಸಣ್ಣ ಮಾತಲ್ಲ. ಆದರೆ ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದ ಗುಳೆ ಹೋಗಿ ಬಂದವರು ನ್ಯಾಯಬೆಲೆ ಅಂಗಡಿಯ ಯಂತ್ರದ ಮುಂದೆ ಬೆರಳೊತ್ತಿ ನಿಂತಾಗ ನನಗೆ ‘ಒಡಲಾಳ’ ನೆನಪಾಗುತ್ತದೆ. ಸಾಕವ್ವನ ಮನೆಯವರು ತಿಂದ ಗುರುತನ್ನು ಅಳಿಸಬೇಕಿತ್ತು. ಇವರು ತಿನ್ನುವ ಮೊದಲು ಗುರುತು ತೋರಿಸಬೇಕು. ಕಲ್ಲು ಮಣ್ಣು ಹೊತ್ತು ಸವೆದ ಬೆರಳಿನ ಗೆರೆ ಒಮ್ಮೊಮ್ಮೆ ಯಂತ್ರಕ್ಕೆ ಕಾಣುವುದಿಲ್ಲ.