ಹಾರ್ಮೋನಿಗೆ ಅಂಕವಿಲ್ಲದ ಅಂಕಪಟ್ಟಿ

ಥೈರಾಯ್ಡ್ ಹಾರ್ಮೋನುಗಳಾದ ಟಿ3, ಟಿ4 ಎಷ್ಟು ಏರಿವೆಯೋ ಕಾಯಿಲೆಯೂ ಅಷ್ಟೇ ಜೋರು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಲ್ಯಾಬ್ ರಿಪೋರ್ಟು ಬಂದೊಡನೆ ರೋಗಿಯ ಮನೆಯವರು ಕೇಳುವುದೂ ‘ಎಷ್ಟಿದೆ?’ ಎಂದೇ. ಈ ನಂಬಿಕೆಗೆ ಸೊಪ್ಪು ಹಾಕದ ಕೆಲಸವೊಂದಿದೆ: 1993ರಲ್ಲಿ ಅಮೆರಿಕದ ವೈದ್ಯರಾದ ಹೆನ್ರಿ ಬರ್ಚ್ ಮತ್ತು ಲಿಯೊನಾರ್ಡ್ ವಾರ್ಟೋಫ್‌ಸ್ಕಿ ಪ್ರಕಟಿಸಿದ ಅಂಕಪಟ್ಟಿ. ಈ ಹಾರ್ಮೋನುಗಳು ಅತಿಯಾಗುವ ಕಾಯಿಲೆ, ಅಂದರೆ ಹೈಪರ್ ಥೈರಾಯ್ಡ್, ಪ್ರಾಣಕ್ಕೆ ಎರವಾಗುವ ಹಂತವನ್ನು ವೈದ್ಯರು ‘ಥೈರಾಯ್ಡ್ ಸ್ಟಾರ್ಮ್’ ಎನ್ನುತ್ತಾರೆ. ಆ ಹಂತವನ್ನು ಹಾಸಿಗೆಯ ಪಕ್ಕದಲ್ಲೇ ಗುರುತಿಸಲು ಮಾಡಿದ ಪಟ್ಟಿ ಇದು.

ಜ್ವರ, ನಾಡಿಬಡಿತ, ಬುದ್ಧಿಯ ಗೊಂದಲ, ವಾಂತಿ-ಭೇದಿ, ಕಾಮಾಲೆ, ಹೃದಯ ವೈಫಲ್ಯ, ಲಯ ತಪ್ಪಿದ ಬಡಿತ, ಕಾಯಿಲೆಯನ್ನು ಕೆರಳಿಸಿದ ಕಾರಣ, ಇವಕ್ಕೆಲ್ಲ ಅಂಕ. ಮೊತ್ತ 45 ಮುಟ್ಟಿದರೆ ಸ್ಟಾರ್ಮ್ ಇರುವ ಸಂಭವ ಹೆಚ್ಚು. 25ರಿಂದ 44 ಇದ್ದರೆ ಅದರ ಹೊಸ್ತಿಲು. ಅದಕ್ಕೂ ಕೆಳಗಿದ್ದರೆ ಸಂಭವ ಕಡಿಮೆ. ಹಾರ್ಮೋನು ಎಷ್ಟು ಏರಿದೆ ಎಂಬುದಕ್ಕೆ ಒಂದೂ ಅಂಕವಿಲ್ಲ.

ಈ ಕೃತಿಯ ಸತ್ವ ಇಲ್ಲೇ ಇದೆ ಎಂದು ನನ್ನ ಎಣಿಕೆ. ಸ್ಟಾರ್ಮ್‌ನಲ್ಲಿ ನರಳುವವರ ರಕ್ತದಲ್ಲಿರುವ ಮಟ್ಟವೂ ಎದ್ದು ಓಡಾಡಿಕೊಂಡಿರುವ ಹೈಪರ್ ಥೈರಾಯ್ಡ್ ರೋಗಿಯ ಮಟ್ಟವೂ ಎಷ್ಟೋ ಸಲ ಒಂದೇ ಆಸುಪಾಸಿನಲ್ಲಿರುತ್ತವೆ. ಹಾರ್ಮೋನು ಎಷ್ಟು ಬೇಗ ಏರಿತು, ಹೃದಯ ಮೊದಲೇ ಎಷ್ಟು ದಣಿದಿತ್ತು, ವಯಸ್ಸೆಷ್ಟು, ಜೊತೆಗೆ ಸೋಂಕೋ ಆಪರೇಷನ್ನೋ ಬಂತೇ ಎಂಬುದರ ಮೇಲೆ ಅಪಾಯ ನಿಂತಿದೆ. ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನಾದ ಟಿಎಸ್‌ಎಚ್ ಅಂತೂ ಒಮ್ಮೆ ನೆಲಕಚ್ಚಿದ ಮೇಲೆ ಇನ್ನೇನೂ ಹೇಳದು. ಚಿಕಿತ್ಸೆಯಿಂದ ಟಿ4 ಸರಿಹೋದ ಬಳಿಕವೂ ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಅಲ್ಲೇ ಉಳಿಯುತ್ತದೆ. ಕಾಯಿಲೆ ಇದೆಯೇ ಎಂಬುದನ್ನು ಲ್ಯಾಬ್ ಹೇಳಲಿ, ಎಷ್ಟು ಕೆರಳಿದೆ ಎಂಬುದನ್ನು ಮೈಯನ್ನೇ ನೋಡಿ ತಿಳಿಯಬೇಕು ಎಂಬ ನಿಲುವು ಸರಿಯಾದದ್ದು. ರಿಪೋರ್ಟಿಗೆ ಕಾಯದೆ ಮದ್ದು ಶುರುಮಾಡಬೇಕಾದ ತುರ್ತಿನಲ್ಲಿ ಅದು ಜೀವ ಉಳಿಸುತ್ತದೆ.

ಆದರೆ ಪಟ್ಟಿ ಜ್ವರವನ್ನು ಅತಿಯಾಗಿ ನಂಬುತ್ತದೆ. ಮಳೆಗಾಲದಲ್ಲಿ ನಮ್ಮ ಊರುಗಳ ಆಸ್ಪತ್ರೆಗೆ ಹೈಪರ್ ಥೈರಾಯ್ಡ್ ಇರುವ ತರುಣಿಯೊಬ್ಬಳು ಡೆಂಗಿ ಹಿಡಿದು ಬಂದಳೆನ್ನಿ. 103 ಡಿಗ್ರಿ ಜ್ವರಕ್ಕೆ 25, ನಿಮಿಷಕ್ಕೆ 125 ನಾಡಿಗೆ 15, ಸೋಂಕಿಗೆ 10. ಆಗಲೇ ಮೊತ್ತ 50. ಇಲ್ಲಿ ಅಂಕ ಗಳಿಸಿದ್ದು ಥೈರಾಯ್ಡೋ ಡೆಂಗಿಯೋ ಎಂಬುದನ್ನು ಪಟ್ಟಿ ಬಿಡಿಸಿ ಹೇಳಲಾರದು. ಸಾಂಕ್ರಾಮಿಕ ಜ್ವರ ದಿನನಿತ್ಯದ ಮಾತಾಗಿರುವ ನಾಡಿನಲ್ಲಿ ಇದು ಸಣ್ಣ ಕೊರತೆಯಲ್ಲ.

ಇನ್ನೊಂದು ಕೊರತೆ ನನ್ನನ್ನು ಹೆಚ್ಚು ಕಾಡುತ್ತದೆ. ಹೈಪರ್ ಥೈರಾಯ್ಡ್ ಇದ್ದೂ ಚಡಪಡಿಸದೆ, ಮಂಕಾಗಿ, ಸೊರಗುತ್ತ ಹೋಗುವ ವೃದ್ಧರನ್ನು ಫ್ರ್ಯಾಂಕ್ ಲೇಹಿ 1931ರಲ್ಲೇ ವಿವರಿಸಿದ್ದರು. ಅಂಥ ಅಜ್ಜಿಯ ನಾಡಿ ಬಿಪಿ ಮಾತ್ರೆಯಿಂದ 95ರಲ್ಲೇ ಇದ್ದರೆ 5, ಲಯ ತಪ್ಪಿದ್ದಕ್ಕೆ 10, ಕಾಲು ಊದಿದ್ದಕ್ಕೆ 5. ಒಟ್ಟು 20, ಅಂದರೆ ‘ಸಂಭವ ಕಡಿಮೆ’. ವಿಪರೀತ ಮಂಪರಿಗೆ ಅಂಕವುಂಟು, ಬರೀ ಮಂಕಿಗೆ ಇಲ್ಲ.

2012ರಲ್ಲಿ ಜಪಾನಿನ ವೈದ್ಯರು ರೂಪಿಸಿದ ಮಾನದಂಡ ಮೊದಲ ಕೊರತೆಯನ್ನು ಚೆನ್ನಾಗಿ ತುಂಬುತ್ತದೆ. ಹಾರ್ಮೋನು ಏರಿರಲೇಬೇಕು ಎಂದು ಬಾಗಿಲಲ್ಲೇ ಕೇಳಿ, ಎಷ್ಟೆಂಬುದನ್ನು ಅಲ್ಲಿಗೇ ಬಿಡುತ್ತದೆ. ಮಿದುಳಿನ ಲಕ್ಷಣಗಳಿಗೆ ಹೆಚ್ಚು ತೂಕ ಕೊಡುತ್ತದೆ. ಜ್ವರಕ್ಕೆ ಬೇರೆ ಕಾಯಿಲೆಯೇ ಸ್ಪಷ್ಟ ಕಾರಣವಾಗಿದ್ದರೆ ಅದನ್ನು ಎಣಿಸಬೇಡಿ ಎನ್ನುತ್ತದೆ. ಹಿರಿಯರಲ್ಲಿ ಲಕ್ಷಣಗಳು ಮಸುಕಾಗಿರಬಹುದೆಂದು ಟಿಪ್ಪಣಿಯಲ್ಲಿ ಎಚ್ಚರಿಸಿದರೂ, ನಾಡಿ 130 ಮುಟ್ಟದೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆ ಅಜ್ಜಿಯನ್ನು ಹಿಡಿಯುವ ಅಳತೆ ಎರಡರಲ್ಲೂ ಇಲ್ಲ.